ಮಾಡಿದ ಕೆಲಸ ಮುಚ್ಚಿಡಬ್ಯಾಡ್ರಿ

ನಮ್ಮ ಭಾಗದ ಒಂದು ಕಾರ್ಖಾನೆಯ ಟೈಮ್ ಆಫೀಸಿಗೆ ನಾನು ಗುಮಾಸ್ತನಾಗಿ ಸೇರಿದಾಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯ ತಾಲೂಕಾಗಿತ್ತು. 1997ರಲ್ಲಿ ಅದು ಜಿಲ್ಲೆಯಾಯಿತು. ಆ ಹೊತ್ತಿಗೆ ನನ್ನನ್ನು ನೇಮಕಾತಿ ವಿಭಾಗಕ್ಕೆ ಹಾಕಿದರು. ಮುಂದೆ ಇಪ್ಪತ್ತು ವರ್ಷ ಸಂದರ್ಶನದ ಮೇಜಿನ ಈಚೆ ಕೂತು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹುಡುಗ ಹುಡುಗಿಯರನ್ನು ನೋಡಿದೆ. ಈಗ ಸಂಜೆಯಾದರೆ ಓಣಿಯ ಮಕ್ಕಳು ಫೈಲು ಹಿಡಿದು ನಮ್ಮ ಕಟ್ಟೆಗೆ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

• ಎಲ್ಲಕ್ಕಿಂತ ಮೊದಲು, ಮಾಡಿದ ಕೆಲಸ ಮುಚ್ಚಿಡಬೇಡಿ. ಕಾರಟಗಿ ಕಡೆಯ ಒಬ್ಬ ಹುಡುಗ ಬಂದಿದ್ದ. ಐಟಿಐ ಫಿಟ್ಟರ್. ಬಯೋಡಾಟಾದಲ್ಲಿ ಅನುಭವ ಎಂಬಲ್ಲಿ ‘ಫ್ರೆಷರ್’ ಅಂತ ಬರೆದಿದ್ದ. ಐಟಿಐ ಮುಗಿದು ಎರಡು ವರ್ಷ ಆಗಿತ್ತು. ‘ಎರಡು ವರ್ಷ ಏನ್ ಮಾಡಿದ್ಯಪಾ?’ ಅಂದೆ. ‘ಏನಿಲ್ರೀ ಸರ, ಮನ್ಯಾಗ ಇದ್ದೆ’ ಅಂದ. ಅವನ ಉಗುರಿನ ಸಂದಿಯಲ್ಲಿ ಗ್ರೀಸ್ ಕರೆಗಟ್ಟಿತ್ತು. ‘ಮನ್ಯಾಗ ಗ್ರೀಸ್ ಎಲ್ಲಿಂದ ಬಂತೋ ತಮ್ಮಾ?’ ಅಂದಾಗ ತಲೆ ತಗ್ಗಿಸಿ ಹೇಳಿದ: ಎರಡು ಸುಗ್ಗಿ ರೈಸ್ ಮಿಲ್ಲಿನಲ್ಲಿ ದುಡಿದಿದ್ದ, ರಬ್ಬರ್ ರೋಲರ್ ಬದಲಿಸುವುದು ಅವನ ಕೆಲಸವೇ ಆಗಿತ್ತು. ‘ರೋಲರ್ ಬಿಗಿ ಮಾಡಿದ್ರ ನುಚ್ಚು ಬೀಳ್ತೈತ್ರೀ, ಸಡ್ಲ ಬಿಟ್ರ ಭತ್ತ ಸುಲೀದ ಹಂಗ ಹೊಂಟ್ ಬಿಡ್ತೈತಿ. ಭತ್ತದ ಹಸಿ 14 ಪರ್ಸೆಂಟ್ ಆಸುಪಾಸು ಇರಬೇಕು, ಹೆಚ್ಚಾದ್ರೂ ತ್ರಾಸು, ಕಡಿಮಿ ಆದ್ರೂ ತ್ರಾಸು.’ ನಮ್ಮ ಮೇಂಟೆನನ್ಸ್ ಇಂಜಿನಿಯರು ಕುರ್ಚಿ ಮುಂದೆ ಎಳೆದುಕೊಂಡು ಕೇಳಲು ಕೂತರು. ಹತ್ತು ನಿಮಿಷ ಆ ಹುಡುಗ ತಡವರಿಸಲಿಲ್ಲ. ಕೆಲಸ ಸಿಕ್ಕಿತು. ಮೊದಲು ಯಾಕೆ ಬರೆಯಲಿಲ್ಲ ಅಂತ ಆಮೇಲೆ ಕೇಳಿದೆ. ‘ಅದು ಕೂಲಿ ಕೆಲಸ ಅಲ್ರೀ?’ ಅಂದ. ಆ ಮಾತು ನನ್ನ ಎದೆಯಲ್ಲಿ ಇವತ್ತಿಗೂ ಕೂತಿದೆ.

• ಹಾಗಾಗಿ ಬಯೋಡಾಟಾದಲ್ಲಿ ಏನು, ಎಲ್ಲಿ, ಎಷ್ಟು ದಿನ, ಎಷ್ಟು ಪ್ರಮಾಣ ಎಂಬುದನ್ನು ಬರೆಯಿರಿ. ‘ಶ್ರಮಜೀವಿ, ಪ್ರಾಮಾಣಿಕ, ತಂಡದಲ್ಲಿ ದುಡಿಯುವ ಗುಣ’ ಎಂಬ ಸಾಲು ನೂರಕ್ಕೆ ತೊಂಬತ್ತು ಬಯೋಡಾಟಾಗಳಲ್ಲಿ ಇರುತ್ತದೆ, ಅದನ್ನು ಓದುವವರ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. ‘ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಎರಡು ಸುಗ್ಗಿ, ರೋಲರ್ ಮತ್ತು ಎಲಿವೇಟರ್ ಬೆಲ್ಟ್ ರಿಪೇರಿ’ ಅಂದರೆ ಕಣ್ಣು ನಿಲ್ಲುತ್ತದೆ. ಅಪ್ಪನ ಹೊಲದ ಬೋರ್‌ವೆಲ್ ಮೋಟರು ಎತ್ತಿ ಇಳಿಸಿದ್ದೀರಾ? ಸ್ಟಾರ್ಟರ್ ಬಿಚ್ಚಿ ಕಟ್ಟಿದ್ದೀರಾ? ಬರೆಯಿರಿ. ಸುಳ್ಳು ಮಾತ್ರ ಒಂದಕ್ಷರವೂ ಬೇಡ. ಎರಡನೇ ಪ್ರಶ್ನೆಗೇ ಅದು ಹೊರಬೀಳುತ್ತದೆ.

• ಕುಷ್ಟಗಿ, ಯಲಬುರ್ಗಾದ ಮಸಾರಿ, ಎರೆ ಹೊಲದ ಮಕ್ಕಳಿಗೆ ಬೇರೆಯಾಗಿ ಹೇಳಬೇಕು. ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಗುಳೆ ಹೋಗಿರುತ್ತೀರಿ, ಮಂಗಳೂರು, ಬೆಂಗಳೂರು, ಗೋವಾ. ಓದಿನಲ್ಲಿ ಒಂದು ವರ್ಷ, ಒಂದೂವರೆ ವರ್ಷ ಖಾಲಿ ಬಿದ್ದಿರುತ್ತದೆ. ಅದನ್ನು ಮುಚ್ಚಲು ‘ಆರೋಗ್ಯ ಸರಿ ಇರಲಿಲ್ಲ’ ಅನ್ನಬೇಡಿ. ಆರೋಗ್ಯ ಸರಿ ಇರಲಿಲ್ಲ ಅಂದವನನ್ನು ಶಿಫ್ಟ್ ಕೆಲಸಕ್ಕೆ ಯಾರು ತೆಗೆದುಕೊಳ್ಳುತ್ತಾರೆ? ಒಬ್ಬ ಮಂಗಳೂರಿನಲ್ಲಿ ಕಬ್ಬಿಣ ಕಟ್ಟುವ ಕೆಲಸ ಮಾಡಿ ಬಂದಿದ್ದ. ಸ್ಟೋರ್ಸ್ ವಿಭಾಗದ ಸಂದರ್ಶನ. ‘12 ಎಂಎಂ ರಾಡು ಮೀಟರಿಗೆ ಎಷ್ಟು ತೂಕ?’ ಅಂತ ಕೇಳಿದರು. ಡಿಪ್ಲೊಮಾ ಮಾಡಿದವರು ಇಬ್ಬರು ಸುಮ್ಮನಿದ್ದರು. ಇವನು ‘12ನ್ನ 12ಕ್ಕ ಗುಣಿಸಿ 162ರಿಂದ ಭಾಗಿಸಿದ್ರ ಬರ್ತೈತ್ರೀ, ಮೀಟರಿಗೆ 890 ಗ್ರಾಂ ಹತ್ರ’ ಅಂದ. ಗುಳೆ ಹೋಗಿದ್ದು ಅವಮಾನವಲ್ಲ. ಅಲ್ಲಿ ಕಲಿತದ್ದನ್ನು ಹೇಳದೆ ಬರುವುದು ನಷ್ಟ.

• ತಂಗಿಯರೇ, ನೀವು ಇನ್ನೂ ಹೆಚ್ಚು ಮುಚ್ಚಿಡುತ್ತೀರಿ. ಅವ್ವನ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ಬರೆದವಳು ನೀನು, ತಿಂಗಳಾ ಬ್ಯಾಂಕಿಗೆ ಹೋಗಿ ಕಂತು ಕಟ್ಟಿ ಬಂದವಳು ನೀನು, ವರ್ಷದ ಕೊನೆಗೆ ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲದೆ ಹೊಂದಿಸಿದವಳೂ ನೀನು. ಬಯೋಡಾಟಾದಲ್ಲಿ ಮಾತ್ರ ‘ಅನುಭವ: ಇಲ್ಲ’. ಎಷ್ಟು ಸದಸ್ಯರು, ಎಷ್ಟು ವರ್ಷ, ಎಷ್ಟು ಸಾಲದ ಲೆಕ್ಕ, ಬರೆಯವ್ವಾ. ಬಿಕಾಂ ಓದಿದವಳಿಗೆ ಅದು ದೊಡ್ಡ ಬಂಡವಾಳ. ಹೊಲಿಗೆಯೂ ಹಾಗೆಯೇ: ದಿನಕ್ಕೆ ಎಷ್ಟು ಜಂಪರು ಹೊಲಿಯುತ್ತಿ ಅನ್ನುವ ಒಂದು ಅಂಕಿ ಸಾಕು. ಕೈಚಳಕ ಬೇಕಾದ ಕಾರ್ಖಾನೆಗಳು ಈಗ ನಮ್ಮ ಜಿಲ್ಲೆಗೂ ಬಂದಿವೆ, ಭಾನಾಪುರದಲ್ಲಿ ಆಟಿಕೆಗಳ ಕಾರ್ಖಾನೆಯೇ ಇದೆ. ಕಿನ್ನಾಳದ ಚಿತ್ರಗಾರರ ಮನೆಯ ಮಗ ಅಲ್ಲಿಗೆ ಅರ್ಜಿ ಹಾಕುವಾಗ ತಾನು ಚಿಕ್ಕಂದಿನಿಂದ ಮರದ ಗೊಂಬೆಗೆ ಬಣ್ಣ ಹಚ್ಚಿದವನು ಎಂಬುದನ್ನು ಬರೆಯದೆ ಬಿಟ್ಟರೆ ನನಗೆ ಸಂಕಟವಾಗುತ್ತದೆ. ಆ ಗೊಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಅದನ್ನು ಮಾಡಿದ ಕೈಗೂ ಒಂದು ಸಾಲು ಸಿಗಲಿ.

• ಬಸ್ ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಸೆಂಟರಿನಲ್ಲಿ ಬೇರೆಯವರ ಬಯೋಡಾಟಾ ತೆಗೆದು ಹೆಸರು ಬದಲಿಸಿ ಪ್ರಿಂಟ್ ಹಾಕಿಸಬೇಡಿ. ಒಂದೇ ದಿನ ಒಂದೇ ಊರಿನ ಮೂವರು ಅಕ್ಷರ ಅಕ್ಷರವೂ ಒಂದೇ ಇರುವ ಹಾಳೆ ತಂದಿದ್ದರು. ಅದರಲ್ಲೊಬ್ಬ ತಂದೆಯ ಹೆಸರು ಬದಲಿಸುವುದನ್ನೇ ಮರೆತಿದ್ದ. ಮೊದಲು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯಿರಿ, ಆಮೇಲೆ ಟೈಪ್ ಮಾಡಿಸಿ. ಒಂದು ಪುಟ ಸಾಕು.

• ಹೆಸರಿನ ಕಾಗುಣಿತ ಒಂದೇ ಇರಲಿ. ನಮ್ಮ ಗವಿಸಿದ್ದಪ್ಪ, ಯಮನೂರಪ್ಪ, ಹುಲಿಗೆಮ್ಮ ಎಂಬ ಹೆಸರುಗಳು ಇಂಗ್ಲಿಷಿಗೆ ಹೋದಾಗ ಒಂದೊಂದು ಕಾಗದದಲ್ಲಿ ಒಂದೊಂದು ರೂಪ ತಾಳುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಮನೆತನದ ಹೆಸರು ಸೇರಿರುತ್ತದೆ, ಪಾನ್ ಕಾರ್ಡಿನಲ್ಲಿ ಎರಡೂ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ತಿದ್ದಿಸಿ. ಕೆಲಸ ಸಿಕ್ಕ ಮೇಲೆ ತಿದ್ದಿಸಿದರಾಯಿತು ಅನ್ನಬೇಡಿ. ಪಿಎಫ್ ಹಣ ಬಿಡಿಸುವಾಗ ಒಂದು ಅಕ್ಷರಕ್ಕಾಗಿ ವರ್ಷಗಟ್ಟಲೆ ಅಲೆದವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

• ಇಮೇಲ್ ವಿಳಾಸದಲ್ಲಿ ನಿಮ್ಮ ಹೆಸರಿರಲಿ, ‘ಕಿಲಾಡಿ’, ‘ರಾಕ್‌ಸ್ಟಾರ್’ ಬೇಡ. ಪಾಸ್‌ವರ್ಡು ನಿಮಗೇ ಗೊತ್ತಿರಲಿ, ಸೆಂಟರಿನವನಿಗಷ್ಟೇ ಅಲ್ಲ. ಅರ್ಜಿ ಹಾಕಿದ ಮೇಲೆ ಸಿಮ್ ಬದಲಿಸಬೇಡಿ.

• ಸರ್ಕಾರಿ ಹುದ್ದೆಗೆ ಪ್ರಯತ್ನಿಸುವವರು 371ಜೆ ಪ್ರಮಾಣಪತ್ರವನ್ನು ಇವತ್ತೇ ಮಾಡಿಸಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಹಕ್ಕು ಇದು. 2013ರ ಆದೇಶದಂತೆ ನಮ್ಮ ಭಾಗದ ಹುದ್ದೆಗಳಲ್ಲಿ ಗ್ರೂಪ್ ಎ ಮತ್ತು ಬಿಗೆ ಶೇ 75, ಗ್ರೂಪ್ ಸಿಗೆ ಶೇ 80, ಗ್ರೂಪ್ ಡಿಗೆ ಶೇ 85 ಸ್ಥಳೀಯರಿಗೆ ಮೀಸಲು. ಆ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಅರ್ಜಿಯ ಕೊನೆಯ ದಿನಾಂಕಕ್ಕೆ ಮೂರು ದಿನ ಇದೆ ಅನ್ನುವಾಗ ಓಡಿದರೆ ಸಿಗುವುದಿಲ್ಲ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳೂ ಹಾಗೆಯೇ. ಒಂದರಿಂದ ಹತ್ತನೇ ತರಗತಿವರೆಗಿನ ಓದಿನ ದಾಖಲೆ ಬೇಕು, ಓದಿದ ಶಾಲೆ ಎರಡು ಮೂರು ಆಗಿದ್ದರೆ ಒಂದೊಂದಕ್ಕೂ ಹೋಗಬೇಕು. ಗುಳೆ ಹೋದ ಊರಿನಲ್ಲಿ ಒಂದು ವರ್ಷ ಓದಿದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಮೊದಲೇ ನೋಡಿಕೊಳ್ಳಿ.

• ಮೂಲ ಅಂಕಪಟ್ಟಿ ತೋರಿಸಿ, ಕೊಡಬೇಡಿ. ಕೊಡುವುದಾದರೆ ಸಹಿ ಹಾಕಿದ ಝೆರಾಕ್ಸ್.

• ಹೋಗುವ ಕಾರ್ಖಾನೆ ಏನು ಮಾಡುತ್ತದೆ ಅಂತ ತಿಳಿದುಕೊಂಡು ಹೋಗಿ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್‌ನಲ್ಲಿ ಬೀಡುಕಬ್ಬಿಣ, ಎರಕದ ಭಾಗಗಳು ತಯಾರಾಗುತ್ತವೆ. ಗಿಣಿಗೇರಾದ ಹೊಸಪೇಟೆ ಸ್ಟೀಲ್ಸ್‌ನಲ್ಲಿ ಮಿಶ್ರಲೋಹದ ಉಕ್ಕು. ಎರಡೂ ಒಂದೇ ‘ಕಬ್ಬಿಣದ ಫ್ಯಾಕ್ಟರಿ’ ಅಲ್ಲ. ಊದುಕುಲುಮೆಗೆ ಅದಿರು, ಕೋಕ್, ಸುಣ್ಣಕಲ್ಲು ಯಾಕೆ ಹಾಕುತ್ತಾರೆ ಎಂದು ಎರಡು ವಾಕ್ಯದಲ್ಲಿ ಹೇಳಲು ಬಂದರೆ ನಿಮ್ಮ ಬಗ್ಗೆ ಅವರ ಅಭಿಪ್ರಾಯವೇ ಬದಲಾಗುತ್ತದೆ. ಅಲ್ಲೇ ದುಡಿಯುವ ಊರಿನ ಅಣ್ಣನೊಬ್ಬ ಇದ್ದೇ ಇರುತ್ತಾನೆ, ಒಂದು ಸಂಜೆ ಚಹಾ ಕುಡಿಸಿ ಕೇಳಿ.

• ಭಾಷೆಯ ಅಂಜಿಕೆ. ಇದನ್ನು ಕೇಳದ ಮಕ್ಕಳಿಲ್ಲ. ‘ಹೌದ್ರೀ’, ‘ಇಲ್ರೀ’ ಅನ್ನುವ ನಮ್ಮ ‘ರೀ’ಯಲ್ಲೇ ಮರ್ಯಾದೆ ಇದೆ, ಅದಕ್ಕೆ ನಾಚಬೇಡಿ. ಬೆಂಗಳೂರಿಗೆ ಹೋದರೆ ಮಾತು ಸ್ವಲ್ಪ ನಿಧಾನ ಮಾಡಿ, ಅಷ್ಟೇ. ನಿಮ್ಮ ಹೆಸರು, ಊರು, ಓದು, ಮಾಡಿದ ಕೆಲಸ ಇಷ್ಟನ್ನು ಇಂಗ್ಲಿಷಿನ ಐದು ಸಣ್ಣ ವಾಕ್ಯಗಳಲ್ಲಿ ಹೇಳಲು ಕಲಿಯಿರಿ. ಬಾಯಿಪಾಠ ಬೇಡ, ದನ ಮೇಯಿಸುವಾಗಲೋ ಬಸ್ಸಿನಲ್ಲೋ ಹತ್ತು ಸಲ ಗಟ್ಟಿಯಾಗಿ ಹೇಳಿ. ಆರನೆಯ ವಾಕ್ಯಕ್ಕೆ ಸಿಕ್ಕಿಕೊಂಡರೆ ‘ಇದನ್ನ ಕನ್ನಡದಾಗ ಹೇಳ್ಲೇನ್ರೀ ಸರ?’ ಅಂತ ಕೇಳಿ. ನಮ್ಮ ಮೇಜಿನಲ್ಲಿ ಬೇಡ ಅಂದವರನ್ನು ನಾನು ನೋಡಿಲ್ಲ. ತಪ್ಪು ಇಂಗ್ಲಿಷಿನಲ್ಲಿ ಅರ್ಧ ಉತ್ತರ ಕೊಡುವುದಕ್ಕಿಂತ ಕನ್ನಡದಲ್ಲಿ ಪೂರ್ತಿ ಕೊಡುವುದು ಮೇಲು.

• ಕೈಕೆಲಸದ ಪರೀಕ್ಷೆ ಇದ್ದರೆ ಹಿಂದಿನ ರಾತ್ರಿ ಮೂಲ ಸಂಗತಿಗಳನ್ನು ತಿರುವಿ ಹಾಕಿ. ವರ್ನಿಯರ್ ಕ್ಯಾಲಿಪರ್‌ನ ಕನಿಷ್ಠ ಅಳತೆ 0.02 ಮಿ.ಮೀ., ಎಂ10 ಟ್ಯಾಪಿಗೆ 8.5 ಮಿ.ಮೀ. ಡ್ರಿಲ್, ಸ್ಟಾರ್-ಡೆಲ್ಟಾ ಯಾಕೆ ಬೇಕು. ಕೇಳುವುದು ಇಂಥವೇ. ಗೊತ್ತಿಲ್ಲದ್ದು ಬಂದರೆ ‘ಗೊತ್ತಿಲ್ರೀ, ಕಲಿತೀನಿ’ ಅನ್ನಿ, ಊಹೆ ಹೊಡೆಯಬೇಡಿ. ವಿದ್ಯುತ್ತಿನ ಕೆಲಸದಲ್ಲಿ ಊಹೆ ಹೊಡೆಯುವವನು ಜೀವ ತೆಗೆಯುತ್ತಾನೆ ಎಂಬ ಭಯ ಮೇಜಿನ ಈಚೆ ಇರುತ್ತದೆ.

• ಬೆಂಗಳೂರಿನ ಸಂದರ್ಶನಕ್ಕೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುವವರು ಹಾಕಿಕೊಳ್ಳುವ ಅಂಗಿಯನ್ನು ಮಡಚಿ ಚೀಲದಲ್ಲಿಡಿ, ಮೈಮೇಲೆ ಹಳೆಯದಿರಲಿ. ಬೆಳಗ್ಗೆ ಸ್ಟೇಷನ್ನಿನಲ್ಲೇ ಮುಖ ತೊಳೆದು ಬದಲಿಸಿ. ಹೊಸ ಬಟ್ಟೆ ಬೇಕಿಲ್ಲ, ಒಗೆದು ಇಸ್ತ್ರಿ ಮಾಡಿದ್ದು ಸಾಕು. ಹಣೆಯ ವಿಭೂತಿ, ಕುಂಕುಮ ಇದ್ದರೆ ಇರಲಿ. ಗುಟ್ಕಾ ಮಾತ್ರ ಹಿಂದಿನ ದಿನದಿಂದಲೇ ಬಿಡಿ, ಬಾಯಿ ತೆರೆದ ಕೂಡಲೇ ಗೊತ್ತಾಗುತ್ತದೆ. ಆಮೇಲೂ ಬಿಟ್ಟರೆ ನನಗೆ ಇನ್ನೂ ಸಂತೋಷ.

ಇಲ್ಲಿ ನನ್ನದೊಂದು ತಪ್ಪು ಹೇಳಲೇಬೇಕು. ಒಬ್ಬ ಹುಡುಗ ಮೊಣಕಾಲಿನವರೆಗೆ ಧೂಳು ಮೆತ್ತಿಕೊಂಡು, ಹರಿದ ಚಪ್ಪಲಿಯಲ್ಲಿ ಬಂದ. ಶಿಸ್ತಿಲ್ಲ ಅಂತ ಅವನ ಹೆಸರಿನ ಮುಂದೆ ಗೀಟು ಎಳೆದೆ. ಬಸ್ಸು ತಪ್ಪಿ ಏಳೆಂಟು ಕಿಲೋಮೀಟರ್ ನಡೆದು ಬಂದಿದ್ದನೆಂದು ಗೇಟಿನ ಕಾವಲುಗಾರ ಸಂಜೆ ಹೇಳಿದ. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನನ್ನಂಥವರು ಇನ್ನೂ ಇದ್ದಾರೆ, ಅದಕ್ಕೇ ಹೇಳುತ್ತೇನೆ: ಅಂಥದ್ದೇನಾದರೂ ಆದರೆ ಕೂತ ಕೂಡಲೇ ನೀವೇ ಬಾಯಿ ಬಿಟ್ಟು ಹೇಳಿ. ಸಾಧ್ಯವಾದರೆ ಒಂದು ಬಸ್ಸು ಮುಂಚೆಯೇ ಹೊರಡಿ.

• ಅಪ್ಪ, ಕಾಕಾ, ಮಾವ ಯಾರೇ ಜೊತೆಗೆ ಬರಲಿ, ಗೇಟಿನ ಹೊರಗೆ ಇರಲಿ. ನಾಯಕರ ಶಿಫಾರಸು ಪತ್ರ ಮೇಜಿನ ಮೇಲೆ ಮೊದಲು ಇಟ್ಟವನು ‘ನನ್ನಲ್ಲಿ ಬೇರೇನೂ ಇಲ್ಲ’ ಅಂತ ಹೇಳಿದಂತೆ.

• ಕೊನೆಗೆ ‘ಏನಾದ್ರೂ ಕೇಳೋದೈತೇನು?’ ಅನ್ನುತ್ತಾರೆ. ಸುಮ್ಮನೆ ತಲೆ ಅಲ್ಲಾಡಿಸಬೇಡಿ. ಕಂಪನಿಯ ರೋಲೋ, ಗುತ್ತಿಗೆದಾರನ ರೋಲೋ? ಶಿಫ್ಟ್ ಹೇಗೆ ತಿರುಗುತ್ತದೆ? ಹೆಣ್ಣುಮಕ್ಕಳಿಗೆ ರಾತ್ರಿ ಬಸ್ಸು ಇದೆಯೇ? ಹೇಳಿದ ಸಂಬಳದಲ್ಲಿ ಕೈಗೆ ಬರುವುದು ಎಷ್ಟು? ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12 ಪಿಎಫ್‌ಗೆ ಹೋಗುತ್ತದೆ, ಅದು ನಿಮ್ಮದೇ ಹಣ, ಆದರೆ ಈಗ ಕೈಗೆ ಬರುವುದಿಲ್ಲ. ಇಂಥ ಪ್ರಶ್ನೆ ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ, ಬಾಳಿಕೆ ಬರುವ ಮನುಷ್ಯ ಅಂದುಕೊಳ್ಳುತ್ತಾರೆ.

• ಕೆಲಸ ಕೊಡಿಸಲು ರಿಜಿಸ್ಟ್ರೇಷನ್ ಫೀ, ಯೂನಿಫಾರ್ಮ್ ದುಡ್ಡು ಅಂತ ಫೋನ್‌ಪೇ ಮಾಡು ಅಂದವನಿಗೆ ಒಂದು ರೂಪಾಯಿಯೂ ಹಾಕಬೇಡಿ. ವಾಟ್ಸಾಪ್‌ನಲ್ಲಿ ಬಂದ ಆಫರ್ ಲೆಟರನ್ನು ಹಿಡಿದು ನೇರ ಕಾರ್ಖಾನೆಯ ಗೇಟಿಗೆ ಹೋಗಿ ಕೇಳಿ. ಅವ್ವನ ಬೋರಮಾಳ ಅಡವಿಟ್ಟು ದುಡ್ಡು ಕಟ್ಟಿ ಬಂದವರನ್ನು ಅದೇ ಗೇಟಿನಿಂದ ವಾಪಸ್ ಕಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

• ‘ಯಾವಾಗ ಸೇರ್ತೀ?’ ಅಂದರೆ ‘ನಾಳೆನೇ ಬರ್ತೀನ್ರೀ’ ಅಂತ ಖುಷಿಯಲ್ಲಿ ಅಂದುಬಿಟ್ಟು, ಮನೆಗೆ ಹೋಗಿ ಕೊಯ್ಲು ನೋಡಿ ಹದಿನೈದು ದಿನ ತಡ ಮಾಡಬೇಡಿ. ‘ಭತ್ತದ ಕಟಾವು ಐತ್ರೀ, ಡಿಸೆಂಬರ್ ಐದಕ್ಕ ಬರ್ತೀನಿ’ ಅಂತ ದಿನಾಂಕ ಹೇಳಿ. ಐದನೇ ತಾರೀಖು ಬೆಳಗ್ಗೆ ಮೊದಲ ಶಿಫ್ಟಿನ ಸೈರನ್ ಆಗುವ ಮುಂಚೆ ಬುತ್ತಿ ಕಟ್ಟಿಕೊಂಡು ಗೇಟಿನಲ್ಲಿರಿ.