ಹಿಂದೆ ಕಟ್ಟುವ ಮುನ್ನ: ಸಣ್ಣ ಟ್ರ್ಯಾಕ್ಟರ್, ಟಿಲ್ಲರ್ ಬಳಸುವ ಸಂಘಗಳಿಗೆ ಒಂದು ಪಾಠ



ಉಳಿತಾಯ, ಸಾಲ, ನಡಾವಳಿ ಪುಸ್ತಕ ಇವುಗಳ ಬಗ್ಗೆ ನಾವು ಸಭೆಗಳಲ್ಲಿ ಸಾಕಷ್ಟು ಮಾತಾಡಿದ್ದೇವೆ. ಈ ಸಲ ಒಂದು ಕಬ್ಬಿಣದ ಪಟ್ಟಿಯ ಬಗ್ಗೆ ಮಾತಾಡೋಣ. ಟ್ರ್ಯಾಕ್ಟರಿನ ಹಿಂದೆ, ನೆಲದಿಂದ ಮೊಣಕಾಲಿನಷ್ಟು ಎತ್ತರದಲ್ಲಿ ಅದು ಇರುತ್ತದೆ. ಅದಕ್ಕೆ ಡ್ರಾಬಾರ್ ಅಂತಾರೆ. ಕೆಲವರು ಸುಮ್ಮನೆ ಹುಕ್ಕು ಅಂತಾರೆ.

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ತಾಲ್ಲೂಕುಗಳ ತೋಟ, ಹೊಲಗಳಲ್ಲಿ ಈಗ ಎತ್ತಿನ ಜೋಡಿ ಕಡಿಮೆಯಾಗಿ ಸಣ್ಣ ಯಂತ್ರಗಳು ಹೆಚ್ಚಾಗಿವೆ. ಸಂಘದ ಸಾಲದಿಂದ ಟಿಲ್ಲರ್ ತೆಗೆದುಕೊಂಡ ಮನೆಗಳಿವೆ. 2014-15ರಲ್ಲಿ ಸರ್ಕಾರ ಶುರು ಮಾಡಿದ ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತರಿಸುವವರೂ ಇದ್ದಾರೆ. ಸೀಟಿನ ಮೇಲೆ ಕೂರೋದು ಯಜಮಾನರೋ, ಮಗನೋ, ಬಾಡಿಗೆ ಡ್ರೈವರೋ ಇರಬಹುದು. ಆದರೆ ಹಿಂದೆ ಸರಪಳಿ ಸುತ್ತೋರು, ಪಿನ್ನು ಹಾಕೋರು, "ಬರ್ಲಿ, ಬರ್ಲಿ" ಅಂತ ಕೈ ತೋರಿಸೋರು ಬಹಳ ಸಲ ನಾವೇ. ಹಾಗಾಗಿ ಈ ಪಾಠ ಡ್ರೈವರಿಗೆ ಮಾತ್ರ ಬಿಟ್ಟದ್ದಲ್ಲ.

ಎತ್ತಿಗೂ ಯಂತ್ರಕ್ಕೂ ಒಂದು ವ್ಯತ್ಯಾಸ ಇದೆ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಕೇಂದ್ರ ಇರುವುದು ನಮಗೆಲ್ಲ ಗೊತ್ತು. ಹೈದರಾಲಿ, ಟಿಪ್ಪುವಿನ ಸೈನ್ಯದ ಫಿರಂಗಿ ಎಳೆದ ತಳಿ ಅದು. ಅಂಥ ಎತ್ತು ಕೂಡ ಭಾರ ಅಲುಗದಿದ್ದರೆ ನಿಂತುಬಿಡುತ್ತದೆ. ಯಂತ್ರ ನಿಲ್ಲೋದಿಲ್ಲ. ಹಿಂದಿನ ಭಾರ ಬಾರದೆ, ಚಕ್ರ ನೆಲ ಕಚ್ಚಿಕೊಂಡು ಮುಂದೆ ಉರುಳದೆ ಹೋದರೆ, ಎಂಜಿನ್ನಿನ ಶಕ್ತಿ ಟ್ರ್ಯಾಕ್ಟರಿನ ಮೈಯನ್ನೇ ಹಿಂದಿನ ಅಚ್ಚಿನ ಸುತ್ತ ತಿರುಗಿಸುತ್ತದೆ. ಮುಂದಿನ ಚಕ್ರ ಮೇಲೇಳುತ್ತದೆ, ಯಂತ್ರ ಹಿಂದಕ್ಕೆ ಮಗುಚುತ್ತದೆ. ಮುಂಚಕ್ರ ನೆಲ ಬಿಟ್ಟ ಮೇಲೆ ತಡೆಯಲಾಗದ ಹಂತಕ್ಕೆ ಹೋಗಲು ಮುಕ್ಕಾಲು ಸೆಕೆಂಡಿನಷ್ಟು ಹೊತ್ತು ಸಾಕು. "ಅಯ್ಯೋ" ಅನ್ನುವಷ್ಟರಲ್ಲಿ ಆಗಿಹೋಗಿರುತ್ತೆ. ಸಣ್ಣ ಟ್ರ್ಯಾಕ್ಟರಿನ ಉದ್ದ ಕಡಿಮೆ, ಮೂತಿ ಹಗುರ. 15-20 ಎಚ್.ಪಿ.ಯ ಹಲವು ಯಂತ್ರಗಳ ತೂಕ ಒಂದು ಟನ್ನೂ ಇರೋದಿಲ್ಲ. ಸಣ್ಣದು ಅಂದ್ರೆ ಅಪಾಯವೂ ಸಣ್ಣದು ಅಂತ ತಿಳಿಯಬೇಡಿ.

ಈಗ ತೆಂಗಿನ ಬೊಡ್ಡೆಯ ವಿಷಯಕ್ಕೆ ಬರೋಣ. 2016-17ರ ಬರಗಾಲದಲ್ಲಿ ಕಡೂರು ಕಡೆ ಎಷ್ಟೋ ತೆಂಗಿನ ಮರ ಸುಳಿ ಒಣಗಿ ಹೋದವು. ಒಣಗಿದ ಮರ ಕಡಿದ ಮೇಲೆ ಬೊಡ್ಡೆ ಕೀಳುವ ಕೆಲಸ ಉಳಿಯುತ್ತದೆ. ಜೆಸಿಬಿ ಕರೆಸಿದರೆ ದುಡ್ಡು ಕೊಡಬೇಕು, ಮನೆ ಟ್ರ್ಯಾಕ್ಟರಿಗೆ ಡೀಸೆಲ್ ಸಾಕು, ಹಾಗಾಗಿ "ಒಂದ್ ಸರಪಳಿ ಕಟ್ಟಿ ಎಳ್ದ್ರಾಯ್ತು" ಅನ್ನುತ್ತೇವೆ. ತೆಂಗಿಗೆ ತಾಯಿಬೇರು ಇಲ್ಲ, ನಿಜ. ಆದರೆ ಬುಡದ ಸುತ್ತ ಸಾವಿರಾರು ಬೇರು ಜಡೆ ಹೆಣೆದ ಹಾಗೆ ಮಣ್ಣನ್ನು ಹಿಡಿದಿರುತ್ತವೆ. ಮೊದಲ ಎಳೆತಕ್ಕೆ ಅದು ಬರೋದಿಲ್ಲ. ಆಗ ಸರಪಳಿಯನ್ನು ಇನ್ನೂ ಮೇಲೆ, ಟಾಪ್ ಲಿಂಕ್ ಕೂರುವ ಜಾಗಕ್ಕೋ ಸೀಟಿನ ಹಿಂದಿನ ಕಬ್ಬಿಣಕ್ಕೋ ಸಿಕ್ಕಿಸುತ್ತಾರೆ. ಪ್ರಾಣ ಹೋಗುವುದು ಇಲ್ಲೇ.

ಇದನ್ನು ಸಭೆಯಲ್ಲೇ ಮಾಡಿ ನೋಡಬಹುದು. ಒಬ್ಬರು ನಿಂತುಕೊಳ್ಳಿ. ಇನ್ನೊಬ್ಬರು ಹಿಂದಿನಿಂದ ಭುಜ ಹಿಡಿದು ಮೆಲ್ಲಗೆ ಎಳೆಯಿರಿ, ನಿಂತವರು ಹಿಂದಕ್ಕೆ ವಾಲುತ್ತಾರೆ. ಬೀಳದಂತೆ ಹಿಡಿದುಕೊಳ್ಳಿ! ಈಗ ಸೊಂಟದ ಕೆಳಗೆ ಸೀರೆ ಸುತ್ತಿ ಎಳೆಯಿರಿ, ಅಷ್ಟು ಸುಲಭವಾಗಿ ವಾಲುವುದಿಲ್ಲ. ಟ್ರ್ಯಾಕ್ಟರೂ ಹಾಗೇ. ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿದರೆ ಸರಪಳಿಯೇ ಅದನ್ನು ಹಿಂದಕ್ಕೆ ಬೀಳಿಸುತ್ತದೆ. ಅಚ್ಚಿಗಿಂತ ಕೆಳಗಿರುವ ಡ್ರಾಬಾರಿಗೆ ಕಟ್ಟಿದರೆ, ಮುಂಚಕ್ರ ಸ್ವಲ್ಪ ಎದ್ದರೂ ಡ್ರಾಬಾರ್ ಇನ್ನಷ್ಟು ತಗ್ಗಿ ಎಳೆತ ಸಡಿಲವಾಗುತ್ತದೆ. ಆದ್ದರಿಂದ ಎಳೆಯುವ ಸರಪಳಿ ಡ್ರಾಬಾರಿಗೇ ಹೊರತು ಅಚ್ಚಿಗಲ್ಲ, ಟಾಪ್ ಲಿಂಕಿಗಲ್ಲ. ಕೆಲವು ಸಣ್ಣ ಟ್ರ್ಯಾಕ್ಟರಿನಲ್ಲಿ ಲಿಫ್ಟಿನ ಎರಡು ತೋಳುಗಳ ನಡುವೆ ತೂತುಗಳಿರುವ ಅಡ್ಡಪಟ್ಟಿ ಇರುತ್ತದೆ. ಅದರಿಂದ ಎಳೆಯಲೇಬೇಕಾದರೆ ಪಟ್ಟಿ ತಗ್ಗಿನಲ್ಲೇ ಇರಬೇಕು. ಎಳೆಯುವಾಗ ಲಿಫ್ಟ್ ಎತ್ತಿದರೆ ಕಟ್ಟಿದ ಜಾಗವೂ ಮೇಲೆ ಹೋಯಿತು ಅಂತಲೇ ಲೆಕ್ಕ.

ಬೊಡ್ಡೆ ಕೀಳಲೇಬೇಕು ಅಂದ್ರೆ ಮೊದಲು ಸುತ್ತ ಅಗೆದು ಬೇರು ಕಡಿಯಿರಿ. ಸರಪಳಿಯನ್ನು ಬಿಗಿ ಮಾಡಿಕೊಂಡು, ಕಡಿಮೆ ಗೇರಿನಲ್ಲಿ ನಿಧಾನವಾಗಿ ಎಳೆಯಬೇಕು. ಹಿಂದೆ ಬಂದು ಓಡಿ ಜಗ್ಗುವುದು ಬೇಡ. ಮುಂಚಕ್ರ ಎದ್ದಿತೋ, ತಕ್ಷಣ ಕ್ಲಚ್ ಒತ್ತಬೇಕು. ಎರಡು ಮೂರು ಸಲಕ್ಕೆ ಬಾರದಿದ್ದರೆ ಜೆಸಿಬಿಯನ್ನೇ ಕರೆಸಿ. ಆ ಬಾಡಿಗೆ ದುಂದು ವೆಚ್ಚ ಅಂತ ನಮಗಂತೂ ಅನ್ನಿಸುವುದಿಲ್ಲ.

ನೈಲಾನ್ ಹಗ್ಗದ ಬಗ್ಗೆ ಒಂದು ಮಾತು. ಅದು ರಬ್ಬರಿನ ಹಾಗೆ ಹಿಗ್ಗುತ್ತದೆ. ಹಿಗ್ಗಿದ ಹಗ್ಗ ತುಂಡಾದರೆ ಚಾಟಿಯಂತೆ ಬಂದು ಹೊಡೆಯುತ್ತದೆ. ತುದಿಯಲ್ಲಿ ಕಬ್ಬಿಣದ ಕೊಂಡಿ ಇದ್ದರಂತೂ ಕೇಳಬೇಡಿ. ಸರಪಳಿಯೂ ತುಂಡಾದರೆ ಬಿಡುವುದಿಲ್ಲ. ಹಗ್ಗ ಎಷ್ಟು ಉದ್ದವೋ ಅದರ ಎರಡರಷ್ಟು ದೂರ ಎಲ್ಲರೂ ನಿಲ್ಲಬೇಕು. ನೋಡಲು ಬಂದ ಮಕ್ಕಳನ್ನು ಮೊದಲು ಮನೆಗೆ ಕಳಿಸಿ.

ಅಜ್ಜಂಪುರ ಕಡೆಯ ಎರೆ ಮಣ್ಣಿನಲ್ಲಿ ಮಳೆ ಬಿದ್ದ ಮೇಲೆ ಚಕ್ರ ಹೂತುಕೊಳ್ಳುವುದು ಹೊಸದೇನಲ್ಲ. ಆಗ ಹಿಂಚಕ್ರದ ಮುಂದೆ ದಿಮ್ಮಿ ಕೊಟ್ಟು, ಇಲ್ಲವೇ ಚಕ್ರಕ್ಕೇ ಕಟ್ಟಿಗೆ ಕಟ್ಟಿ ಹತ್ತಿಸುವ ಅಭ್ಯಾಸ ಇದೆ. ಬಿಟ್ಟುಬಿಡಿ. ಚಕ್ರ ಉರುಳದಂತೆ ನಾವೇ ತಡೆದ ಹಾಗಾಯಿತು, ಮೈ ಮಗುಚುತ್ತದೆ. ಹಿಂದೆ ಕಟ್ಟಿದ್ದನ್ನು ಬಿಚ್ಚಿ, ಮಣ್ಣು ತೋಡಿ, ರಿವರ್ಸಿನಲ್ಲಿ ಹೊರಗೆ ಬರುವುದೇ ಸರಿ.

ಟ್ರೇಲರ್ ಸಿಕ್ಕಿಸುವಾಗ ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ನಿಂತು ಕೈ ತೋರಿಸಬಾರದು. ಕ್ಲಚ್ಚಿನ ಮೇಲೆ ಕಾಲು ಜಾರಿದರೆ ನಡುವೆ ಇದ್ದವರ ಗತಿ ಏನು? ಪಕ್ಕದಲ್ಲಿ, ಡ್ರೈವರಿಗೆ ಕಾಣುವ ಕಡೆ ನಿಲ್ಲಿ. ಟ್ರ್ಯಾಕ್ಟರ್ ಪೂರ್ತಿ ನಿಂತು, ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿದ ಮೇಲೆಯೇ ಒಳಗೆ ಹೋಗಿ ಪಿನ್ನು ಹಾಕಿ. ಪಿನ್ನಿನ ಕೆಳಗಿನ ತೂತಿಗೆ ಕ್ಲಿಪ್ಪು ಬೇಕೇ ಬೇಕು. ತಂತಿ ಸುತ್ತಿದರೆ, ಮೊಳೆ ಸಿಕ್ಕಿಸಿದರೆ ಆಗೋದಿಲ್ಲ. ರಸ್ತೆಯ ಉಬ್ಬಿನಲ್ಲಿ ಪಿನ್ನು ಹಾರಿದರೆ ಟ್ರೇಲರ್ ತನ್ನ ದಾರಿ ತಾನು ಹಿಡಿಯುತ್ತದೆ. ಪಿನ್ನಿನ ಜೊತೆ ಒಂದು ಸುರಕ್ಷತಾ ಸರಪಳಿಯೂ ಇರಲಿ.

ಲೋಡಿನ ಲೆಕ್ಕ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಗಾಡಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಬರುತ್ತಿತ್ತು. ಎರಡು ಚಕ್ರದ ಟ್ರೇಲರಿನಲ್ಲೂ ಹಿಂಭಾರವಾದರೆ ಡ್ರಾಬಾರನ್ನು ಮೇಲಕ್ಕೆ ಎತ್ತುತ್ತದೆ, ಟ್ರ್ಯಾಕ್ಟರಿನ ಹಿಂಚಕ್ರಕ್ಕೆ ಹಿಡಿತ ತಪ್ಪುತ್ತದೆ. ಸ್ವಲ್ಪ ಮುಂಭಾರವಾಗಿಯೇ ತುಂಬಿ. ಎಷ್ಟು ತುಂಬಬೇಕು? 50 ಕಿಲೋದ 30 ಈರುಳ್ಳಿ ಚೀಲ ಅಂದ್ರೆ ಒಂದೂವರೆ ಟನ್, ಟ್ರೇಲರಿನ ತೂಕ ಬೇರೆ. 800 ಕಿಲೋದ ಯಂತ್ರ ಅದನ್ನು ಸಮತಟ್ಟಿನಲ್ಲಿ ಎಳೆದೀತು, ಇಳಿಜಾರಿನಲ್ಲಿ ನಿಲ್ಲಿಸೋದು ಕಷ್ಟ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಒಟ್ಟು ಭಾರ ಯಂತ್ರದ ತೂಕವನ್ನು ಮೀರದಿರಲಿ. ಕಂಪನಿಯ ಪುಸ್ತಕದಲ್ಲಿ ಇನ್ನೂ ಕಡಿಮೆ ಹೇಳಿದ್ದರೆ ಅದೇ ಮಿತಿ. ಇಳಿಯುವ ಮೊದಲೇ ಕಡಿಮೆ ಗೇರಿಗೆ ಹಾಕಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಬಿಡುವುದು ಯಾವ ಉಳಿತಾಯವೂ ಅಲ್ಲ. ರಸ್ತೆಗೆ ಇಳಿಯುವಾಗ ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲ್‌ಗಳನ್ನು ಒಟ್ಟಿಗೆ ಸೇರಿಸುವ ಕೊಂಡಿ ಹಾಕಿರಬೇಕು, ಇಲ್ಲವಾದರೆ ಒಂದೇ ಕಡೆ ಬ್ರೇಕ್ ಬಿದ್ದು ಗಾಡಿ ತಿರುಗಿಕೊಳ್ಳುತ್ತದೆ.

ತರೀಕೆರೆ ಕಡೆ ಅಡಿಕೆ ತೋಟಗಳಲ್ಲಿ ಟಿಲ್ಲರ್ ಇರುವ ಮನೆಯವರು ಇದನ್ನು ಎರಡು ಸಲ ಓದಿ. ಸಮತಟ್ಟಿನಲ್ಲಿ ಎಡಗೈ ಸ್ಟೀರಿಂಗ್ ಕ್ಲಚ್ ಹಿಡಿದರೆ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಟ್ರೇಲರ್ ಹಿಂದಿನಿಂದ ನೂಕುತ್ತಿದ್ದರೆ ಉಲ್ಟಾ. ಎಡಗೈ ಹಿಡಿದರೆ ಎಡಚಕ್ರ ಬಿಡುವಾಗಿ ಜೋರಾಗಿ ಓಡುತ್ತದೆ, ಟಿಲ್ಲರ್ ಬಲಕ್ಕೆ ಹೋಗುತ್ತದೆ. ಹೊಸದಾಗಿ ಓಡಿಸುವ ಹುಡುಗರಿಗೆ ಇದು ಗೊತ್ತಿರೋದಿಲ್ಲ, ಕಾಲುವೆಗೆ ಇಳಿಯುವುದು ಹೀಗೇ. ಇಳಿಜಾರಿನಲ್ಲಿ ಕ್ಲಚ್ ಮುಟ್ಟದೆ, ನಿಧಾನವಾಗಿ, ಹ್ಯಾಂಡಲಿನಿಂದಲೇ ತಿರುಗಿಸಬೇಕು.

ಟ್ರೇಲರ್ ಇರುವುದು ಸಾಮಾನಿಗೆ. ಕೂಲಿಗೆ, ಮದುವೆಗೆ, ಜಾತ್ರೆಗೆ ಅದರಲ್ಲಿ ಹೋಗುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. ಬಿದ್ದು ಪೆಟ್ಟಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಮಡ್ಗಾರ್ಡಿನ ಮೇಲೆ ಕೂರುವುದು, ಡ್ರಾಬಾರಿನ ಮೇಲೆ ಕಾಲಿಟ್ಟು ನಿಲ್ಲುವುದು ಇನ್ನೂ ಕೆಟ್ಟದ್ದು. ಬಸ್ಸಿಲ್ಲದ ಊರಿನವರ ಕಷ್ಟ ನಮಗೆ ಗೊತ್ತು. ಆದರೂ ಇದನ್ನು ಹೇಳದೆ ಬಿಡಲಾಗದು.

ಇನ್ನು ಸೆರಗು. ಡ್ರಾಬಾರಿನ ಹತ್ತಿರವೇ ಪಿ.ಟಿ.ಓ. ಶಾಫ್ಟ್ ತಿರುಗುತ್ತದೆ. ನಿಮಿಷಕ್ಕೆ 540 ಸುತ್ತು ಅಂದ್ರೆ ಸೆಕೆಂಡಿಗೆ 9 ಸುತ್ತು. ಸೆರಗು, ವೇಲು, ಜಡೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇಲ್ಲ. ಹತ್ತಿರ ಹೋಗುವಾಗ ಸೆರಗು ಸೊಂಟಕ್ಕೆ ಬಿಗಿದು, ಜಡೆ ತುರುಬು ಕಟ್ಟಿ, ಮೇಲೊಂದು ಅಂಗಿ ಹಾಕಿಕೊಳ್ಳಿ. ಹಾಗೆ ಮಾಡಿಕೊಂಡರೂ ಶಾಫ್ಟ್ ತಿರುಗುತ್ತಿರುವಾಗ ಹತ್ತಿರ ಹೋಗಬೇಡಿ, ದಾಟಬೇಡಿ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ ಬಾಡಿಗೆ ಯಂತ್ರವನ್ನು ವಾಪಸ್ ಕಳಿಸುವ ಹಕ್ಕು ದುಡ್ಡು ಕೊಡುವ ನಮಗಿದೆ.

"ನಾವ್ ಹೇಳಿದ್ರೆ ಗಂಡಸ್ರು ಕೇಳ್ತಾರಾ?" ಅಂತ ನೀವು ಕೇಳಬಹುದು. ಕೆಲವರು ಕೇಳೋದಿಲ್ಲ. ಆದರೆ ಸರಪಳಿ ನಮ್ಮ ಕೈಯಲ್ಲಿರುವಾಗ ಮೇಲೆ ಸಿಕ್ಕಿಸುವುದಿಲ್ಲ ಅಂತ ಹೇಳಬಹುದಲ್ಲ? ಯಂತ್ರಕ್ಕೆ ಸಾಲ ಕೇಳಿ ಅರ್ಜಿ ಬಂದಾಗ ಕ್ಲಿಪ್ಪು, ಸುರಕ್ಷತಾ ಸರಪಳಿ, ಶಾಫ್ಟಿನ ಕವರ್, ಟ್ರೇಲರ್ ಬ್ರೇಕ್ ಇವೆಯೇ ಅಂತ ಸಂಘ ಕೇಳಿ ನಡಾವಳಿಯಲ್ಲಿ ಬರೆಯಬಹುದು.

ಮುಂದಿನ ಸಭೆಯನ್ನು ಟ್ರ್ಯಾಕ್ಟರ್ ಅಥವಾ ಟಿಲ್ಲರ್ ಇರುವ ಸದಸ್ಯೆಯ ಮನೆಯಂಗಳದಲ್ಲಿ ಇಟ್ಟುಕೊಳ್ಳಿ, ಓಡಿಸುವವರನ್ನೂ ಕರೆಯಿರಿ. ಹಿಂದಿನ ಅಚ್ಚು ಎಲ್ಲಿದೆ, ಡ್ರಾಬಾರ್ ಎಲ್ಲಿದೆ, ಪಿನ್ನಿಗೆ ಕ್ಲಿಪ್ಪು ಇದೆಯೇ ಎಂದು ಒಬ್ಬೊಬ್ಬರೂ ಕೈಯಿಂದ ಮುಟ್ಟಿ ನೋಡಿ. ಅಷ್ಟು ಹೊತ್ತು ಎಂಜಿನ್ ಆಫ್ ಆಗಿರಲಿ, ಕೀಲಿ ಸಂಘದ ಪ್ರತಿನಿಧಿಯ ಕೈಯಲ್ಲಿರಲಿ.