ಎಪ್ಪತ್ತೆರಡು ವರ್ಷ ಬಾಕಿ ಇರುವ ಫ್ಲ್ಯಾಟಿಗೆ ಎಷ್ಟು ಕೊಡಬೇಕು?

ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಒಂದೇ ಕಟ್ಟಡದ ಎರಡು ಫ್ಲ್ಯಾಟ್. ಅಳತೆ ಒಂದೇ, ಎರಡರಲ್ಲೂ ಎರಡೆರಡು ಮಲಗುವ ಕೋಣೆ, ಕಿಟಕಿಯಿಂದ ಕಾಣುವುದೂ ಅದೇ ರೈಲು ಹಳಿ. ಮೇಲಿನ ಮಹಡಿಯದು ಸ್ವಲ್ಪ ದಿನದ ಹಿಂದೆ 3,00,000 ಪೌಂಡಿಗೆ ಹೋಗಿತ್ತು. ಕೆಳಗಿನದಕ್ಕೆ ಏಜೆಂಟ್ 2,80,000 ಹೇಳುತ್ತಿದ್ದ. ಇಪ್ಪತ್ತು ಸಾವಿರ ಯಾಕೆ ಕಡಿಮೆ ಅಂತ ಕೇಳಿದರೆ, ಲೀಸ್ ಸ್ವಲ್ಪ ಸವೆದಿದೆ, ಅದೇನು ದೊಡ್ಡ ವಿಷಯವಲ್ಲ ಅಂದ. ಪತ್ರ ತರಿಸಿ ನೋಡಿದೆ: 1998ರಿಂದ 99 ವರ್ಷದ ಲೀಸ್. ನಾನು ಕೊಳ್ಳಲು ಹೊರಟದ್ದು 2025ರಲ್ಲಿ. ಉಳಿದದ್ದು 72 ವರ್ಷ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟ್ ಕೊಳ್ಳುವವರಲ್ಲಿ ಹೆಚ್ಚಿನವರು ಕೊಳ್ಳುವುದು ಇಷ್ಟು ವರ್ಷ ಅಂತ ಗೊತ್ತುಮಾಡಿದ ಹಕ್ಕನ್ನು ಮಾತ್ರ. ನೆಲವೂ ಕಟ್ಟಡವೂ ಫ್ರೀಹೋಲ್ಡರ್ ಹೆಸರಿನಲ್ಲಿ ಇರುತ್ತವೆ. ಅವನಿಗೆ ವರ್ಷಕ್ಕಿಷ್ಟು ಅಂತ ಗ್ರೌಂಡ್ ರೆಂಟ್, ಅದರ ಮೇಲೆ ಸರ್ವಿಸ್ ಚಾರ್ಜ್. ಅವಧಿ ಮುಗಿದರೆ ಫ್ಲ್ಯಾಟ್ ಅವನಿಗೆ ವಾಪಸ್. ಮೈಸೂರಿನಲ್ಲಿರುವ ಅಪ್ಪ ಬ್ಯಾಂಕಿನಲ್ಲಿ ಮನೆಸಾಲ ಮಂಜೂರು ಮಾಡಿಯೇ ನಿವೃತ್ತರಾದವರು. ಫೋನಿನಲ್ಲಿ ಅವರ ಮೊದಲ ಪ್ರಶ್ನೆ: "ಯುಡಿಎಸ್ ಎಷ್ಟು ಬರತ್ತಮ್ಮಾ?" ನೆಲದಲ್ಲಿ ನಿನ್ನ ಪಾಲೆಷ್ಟು ಅಂತ. ಸೊನ್ನೆ ಅಂದೆ. "ಹಾಗಾದ್ರೆ ಅದು ಮುಂಗಡವಾಗಿ ಬಾಡಿಗೆ ಕಟ್ಟಿದ ಮನೆ" ಅಂದರು. ಕಾನೂನಿನ ಕಣ್ಣಲ್ಲಿ ಅವರ ಮಾತು ಹೆಚ್ಚುಕಡಿಮೆ ಸರಿಯೇ. ಅದೇ ದ್ವೀಪದ ಸ್ಕಾಟ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡವರಿಗೆ ಈ ತಾಪತ್ರಯವಿಲ್ಲ. ಇಂಗ್ಲೆಂಡಿನಲ್ಲೂ 2002ರ ಕಾಯ್ದೆ ಕಾಮನ್‌ಹೋಲ್ಡ್ ಅನ್ನುವ ಪೂರ್ಣ ಒಡೆತನದ ದಾರಿ ತೆರೆದಿತ್ತು. ಬಿಲ್ಡರುಗಳು ಆ ಕಡೆ ತಲೆ ಹಾಕಲಿಲ್ಲ.

ಲೀಸಿನ ಸವಕಳಿ ಒಲೆಯ ಮೇಲಿಟ್ಟ ಹಾಲಿನ ಹಾಗೆ. ಬಹಳ ಹೊತ್ತು ಏನೂ ಆದಂತೆ ಕಾಣುವುದಿಲ್ಲ, ಆಮೇಲೆ ಒಮ್ಮೆಲೇ. 120 ವರ್ಷ ಬಾಕಿ ಇರುವ ಫ್ಲ್ಯಾಟಿಗೂ 110 ಇರುವುದಕ್ಕೂ ಕೊಳ್ಳುವವರು ವ್ಯತ್ಯಾಸ ಎಣಿಸುವುದಿಲ್ಲ. ಗೆರೆ ಇರುವುದು 80ರಲ್ಲಿ. ಅದನ್ನು ಎಳೆದದ್ದು ಕಾನೂನು. 1993ರ ಕಾಯ್ದೆಯ ಪ್ರಕಾರ ಫ್ಲ್ಯಾಟಿನವರು ಲೀಸನ್ನು 90 ವರ್ಷ ಬೆಳೆಸಿಕೊಡು ಅಂತ ಫ್ರೀಹೋಲ್ಡರ್‌ನನ್ನು ಕೇಳಬಹುದು. ಅವನು ಒಲ್ಲೆ ಅನ್ನುವಂತಿಲ್ಲ, ಗ್ರೌಂಡ್ ರೆಂಟ್ ಕೂಡ ಅಂದಿನಿಂದ ಸೊನ್ನೆ. ಆದರೆ ಪ್ರೀಮಿಯಂ ಕೊಡಬೇಕು. ಅದರಲ್ಲಿ ಎರಡು ಬಾಬತ್ತು ಯಾವಾಗಲೂ ಇರುತ್ತವೆ: ಇನ್ನು ಮುಂದೆ ಅವನಿಗೆ ಸಿಗದ ಗ್ರೌಂಡ್ ರೆಂಟ್, ಮತ್ತು ಫ್ಲ್ಯಾಟ್ ಕೈಗೆ ಬರುವುದು 90 ವರ್ಷ ತಡವಾದದ್ದಕ್ಕೆ ಪರಿಹಾರ. ಬಾಕಿ 80ಕ್ಕಿಂತ ಕೆಳಗೆ ಇಳಿದಿದ್ದರೆ ಮೂರನೆಯದೂ ಸೇರುತ್ತದೆ, ಅದೇ ಮ್ಯಾರೇಜ್ ವ್ಯಾಲ್ಯೂ. ಲೀಸ್ ಬೆಳೆದಾಗ ಫ್ಲ್ಯಾಟಿನ ಬೆಲೆ ಏರುತ್ತದಲ್ಲ, ಆ ಏರಿಕೆಯಲ್ಲಿ ಮೊದಲಿನ ಎರಡು ಬಾಬತ್ತು ಕಳೆದು ಉಳಿದದ್ದರ ಅರ್ಧ ಫ್ರೀಹೋಲ್ಡರ್‌ಗೆ.

ನನ್ನ ಫ್ಲ್ಯಾಟಿಗೆ ಕೂಡಿ ಕಳೆದದ್ದು ಹೀಗೆ. ದೀರ್ಘ ಲೀಸ್ ಇದ್ದಿದ್ದರೆ ಬೆಲೆ 3,00,000. ಗ್ರೌಂಡ್ ರೆಂಟ್ ವರ್ಷಕ್ಕೆ 150. 72 ವರ್ಷದ ಆಚೆಗಿನ 3,00,000 ಪೌಂಡನ್ನು ಇಂದಿನ ಬೆಲೆಗೆ ತರಲು ಶೇ 5ರ ದರ ಹಿಡಿಯುತ್ತಾರೆ. ಸ್ಪೋರ್ಟೆಲ್ಲಿ ಮೊಕದ್ದಮೆಯಲ್ಲಿ ನಿಂತ ದರ ಅದು, 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಅದರಂತೆ ಫ್ರೀಹೋಲ್ಡರ್ ಕಳೆದುಕೊಳ್ಳುವುದು ಸುಮಾರು 8,800. ಗ್ರೌಂಡ್ ರೆಂಟಿಗೆ ಶೇ 7ರ ದರದಲ್ಲಿ 2,100. ಇಷ್ಟೇ ಆಗಿದ್ದರೆ 11,000ದೊಳಗೆ ಮುಗಿಯುತ್ತಿತ್ತು. 72 ವರ್ಷದ ಫ್ಲ್ಯಾಟಿನ ಬೆಲೆ ದೀರ್ಘ ಲೀಸಿನ ಬೆಲೆಯ ಶೇ 90 ಅಂತ ಇಟ್ಟುಕೊಂಡರೆ ಮ್ಯಾರೇಜ್ ವ್ಯಾಲ್ಯೂವಿನ ಅರ್ಧಭಾಗ ಇನ್ನೊಂದು 9,500. ಒಟ್ಟು ಸುಮಾರು 20,500. ಇದೇ ಫ್ಲ್ಯಾಟಿಗೆ 81 ವರ್ಷ ಬಾಕಿ ಇದ್ದಾಗ ಹಿಂದಿನ ಮಾಲೀಕರು ನೋಟಿಸ್ ಕೊಟ್ಟಿದ್ದರೆ, ಬೆಲೆ ಇವತ್ತಿನದೇ ಇಟ್ಟು ನೋಡಿದರೂ, 7,800ರ ಸುಮಾರಿನಲ್ಲಿ ಆಗುತ್ತಿತ್ತು.

ಆ ಶೇ 90 ಅನ್ನುವ ಅಂಕಿಯ ಮೇಲೆಯೇ ಜಗಳವೆಲ್ಲ. ವ್ಯಾಲ್ಯೂಯರ್‌ಗಳ ಬಳಿ ಒಂದಲ್ಲ, ಹಲವು ಗ್ರಾಫ್ ಇರುತ್ತವೆ. ಫ್ರೀಹೋಲ್ಡರ್ ಕಡೆಯವರು ಶೇ 87 ಅನ್ನುತ್ತಾರೆ, ನಮ್ಮವರು 92 ಅನ್ನುತ್ತಾರೆ. ಪ್ರತಿ ಅಂಶಕ್ಕೂ ಈ ಫ್ಲ್ಯಾಟಿನಲ್ಲಿ 1,500 ಪೌಂಡ್ ಆಚೀಚೆ. ಆ ಬಡಾವಣೆಯ ಲೀಸುಗಳನ್ನು ನೋಡಿ ಗೊತ್ತಿರುವ ವ್ಯಾಲ್ಯೂಯರ್‌ಗೆ ಕೊಡುವ ಫೀಸು ದಂಡವಲ್ಲ ಅಂತ ನಾನು ಹೇಳುವುದು ಇದಕ್ಕೇ. ಇಂಟರ್ನೆಟ್ಟಿನ ಕ್ಯಾಲ್ಕುಲೇಟರ್ ಅಂದಾಜಿಗೆ ಸಾಕು, ಚೌಕಾಸಿಗೆ ಸಾಲದು.

20,500ಕ್ಕೆ ಖರ್ಚು ಸೇರಿಸಿ. ನಮ್ಮ ಸಾಲಿಸಿಟರ್, ನಮ್ಮ ವ್ಯಾಲ್ಯೂಯರ್, ಸಾಲದ್ದಕ್ಕೆ ಫ್ರೀಹೋಲ್ಡರ್‌ನ ಸಾಲಿಸಿಟರ್ ಮತ್ತು ವ್ಯಾಲ್ಯೂಯರ್ ಖರ್ಚೂ ನ್ಯಾಯವಾದ ಮಟ್ಟಿಗೆ ನಮ್ಮ ತಲೆಗೇ. ಎದುರಾಳಿಯ ವಕೀಲರಿಗೆ ನಾವೇ ಫೀಸು ಕಟ್ಟುವ ಈ ಏರ್ಪಾಡನ್ನು ಅಪ್ಪನಿಗೆ ವಿವರಿಸಲು ನನಗೆ ಇಂದಿಗೂ ಆಗಿಲ್ಲ. ಅದಕ್ಕೆ 5,000 ಇಟ್ಟೆ. ಅಲ್ಲಿಗೆ 25,500. ಅಂದರೆ 2,74,500ಕ್ಕಿಂತ ಒಂದು ಪೌಂಡ್ ಹೆಚ್ಚು ಕೊಟ್ಟರೂ ಮೇಲಿನ ಮಹಡಿಯ ಫ್ಲ್ಯಾಟ್ ಕೊಂಡದ್ದಕ್ಕಿಂತ ನಷ್ಟ. ಏಜೆಂಟ್ ಸೋವಿ ಅಂತ ತೋರಿಸಿದ 2,80,000 ನಿಜಕ್ಕೂ ದುಬಾರಿ. ಓಡಾಟಕ್ಕೆ, ಅನಿಶ್ಚಿತತೆಗೆ ಏನಾದರೂ ಬಿಡಬೇಕಲ್ಲ. ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಏಜೆಂಟ್ ಮೂಲಕ ಮಾರುವವರಿಗೆ ಕಳಿಸಿದೆ. ಎಳೆದಾಟದ ನಂತರ 2,69,000ಕ್ಕೆ ನಿಂತಿತು. ಮೊದಲ ಮನೆ, ಅದೂ 3,00,000ದ ಒಳಗಿನದಾದ್ದರಿಂದ ಸ್ಟ್ಯಾಂಪ್ ಡ್ಯೂಟಿ ಬರಲಿಲ್ಲ.

ಜನ ಮರೆಯುವ ಒಂದು ಸಂಗತಿ ಇದೆ. ಫ್ಲ್ಯಾಟಿಗೆ ಬ್ಯಾಂಕ್ ಸಾಲ ಕೊಡುತ್ತದೆ, ಆದರೆ ಲೀಸ್ ಬೆಳೆಸುವ ಹಣ ನಾವು ಕೈಯಲ್ಲಿ ನಗದಾಗಿ ಇಟ್ಟುಕೊಳ್ಳಬೇಕು. ನನ್ನ ಉಳಿತಾಯ 66,000 ಪೌಂಡ್. ಅದನ್ನೆಲ್ಲ ಮುಂಗಡಕ್ಕೆ ಸುರಿದಿದ್ದರೆ ಬೆಲೆಯ ಕಾಲು ಭಾಗಕ್ಕೆ ತೀರ ಹತ್ತಿರ. 25,500 ಎತ್ತಿಟ್ಟ ಮೇಲೆ ಮುಂಗಡ ಶೇ 15ಕ್ಕೆ ಇಳಿಯಿತು, ಬಡ್ಡಿ ದರ ಏರಿತು. ಆ ಹೆಚ್ಚುವರಿ ಬಡ್ಡಿಯೂ ಫ್ಲ್ಯಾಟಿನ ಬೆಲೆಯ ಭಾಗವೇ. 2,74,500ದ ಗಡಿಯನ್ನು ಮುಟ್ಟದೆ ಕೆಳಗೆ ನಿಲ್ಲಬೇಕು ಅಂತ ನಾನು ಹಟ ಹಿಡಿದದ್ದಕ್ಕೆ ಇದೂ ಕಾರಣ. ಮೇಲಾಗಿ ಎಲ್ಲ ಬ್ಯಾಂಕುಗಳೂ ಕೊಡುವುದಿಲ್ಲ. ಕೊಳ್ಳುವ ದಿನ ಇಷ್ಟು ವರ್ಷ ಇರಲೇಬೇಕು ಅನ್ನುವುದು ಕೆಲವರ ನಿಯಮ. ಸಾಲ ತೀರಿದ ಮೇಲೂ 30-40 ವರ್ಷ ಉಳಿದಿರಬೇಕು ಅನ್ನುವುದು ಇನ್ನು ಕೆಲವರದು. 30 ವರ್ಷದ ಸಾಲ ಕಳೆದರೆ ನನ್ನದು 42 ಉಳಿಯುತ್ತಿತ್ತು, ಪಾರಾದೆ.

ಇಷ್ಟು ಹೇಳಿದರೆ ಇಲ್ಲಿನ ಕನ್ನಡದ ಗೆಳೆಯರು ಕೇಳುವುದೊಂದೇ: "ಹೊಸ ಕಾನೂನು ಬಂತಲ್ಲ, ಮ್ಯಾರೇಜ್ ವ್ಯಾಲ್ಯೂ ಹೋಯ್ತಂತಲ್ಲ, ಕಾಯಬಹುದಿತ್ತಲ್ಲ?" ಕಾನೂನು ಬಂದದ್ದು ಹೌದು. 2024ರ ಮೇ 24ರಂದು, ಸಾರ್ವತ್ರಿಕ ಚುನಾವಣೆ ಘೋಷಣೆಯಾದ ಗಡಿಬಿಡಿಯಲ್ಲಿ, ಲೀಸ್‌ಹೋಲ್ಡ್ ಸುಧಾರಣೆಯ ಕಾಯ್ದೆಗೆ ಅಂಕಿತ ಬಿತ್ತು. ಮ್ಯಾರೇಜ್ ವ್ಯಾಲ್ಯೂ ರದ್ದು, 90ರ ಬದಲು 990 ವರ್ಷ, ಎಲ್ಲವೂ ಅದರಲ್ಲಿದೆ. ಆದರೆ ಕಾಯ್ದೆ ಪುಸ್ತಕಕ್ಕೆ ಸೇರುವುದೇ ಬೇರೆ, ಜಾರಿಗೆ ಬರುವುದೇ ಬೇರೆ. ಫ್ರೀಹೋಲ್ಡರ್‌ಗಳು ಆಸ್ತಿಹಕ್ಕಿನ ಹೆಸರಿನಲ್ಲಿ ಹೈಕೋರ್ಟಿಗೆ ಹೋದರು, 2025ರ ಅಕ್ಟೋಬರ್‌ನಲ್ಲಿ ಸೋತರು. ಅಷ್ಟಾದರೂ ಆ ವರ್ಷ ಮುಗಿಯುವಾಗ ಈ ಎರಡು ಅಂಶ ಜಾರಿಯಾಗಿರಲಿಲ್ಲ. ಇಂದಿನ ಬೆಲೆಗೆ ತರುವ ದರವನ್ನು ಇನ್ನು ಸರ್ಕಾರವೇ ನಿಗದಿ ಮಾಡಬೇಕು, ಅದು ಶೇ 5ಕ್ಕಿಂತ ಕೆಳಗಿದ್ದರೆ ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಗಬಹುದು. ಕಾಯುವಾಗ ಲೀಸಂತೂ ನಿಲ್ಲುವುದಿಲ್ಲ. ಇವತ್ತಿನ ಕಾನೂನಿನಲ್ಲಿ ಹೊಂದುವ ಬೆಲೆಗೆ ಸಿಕ್ಕಿದರೆ ಮಾತ್ರ ಕೊಳ್ಳಬೇಕು, ನಾಳಿನದನ್ನು ನಂಬಿ ಬೆಲೆ ಏರಿಸಿಕೊಳ್ಳಬಾರದು ಅನ್ನುವುದು ನನ್ನ ಪಟ್ಟು.

ಆ ಕಾಯ್ದೆಯಿಂದ ನನಗೆ ಆದ ಉಪಕಾರವೂ ಇದೆ. ಮೊದಲು ಫ್ಲ್ಯಾಟ್ ಕೊಂಡು ಎರಡು ವರ್ಷ ಮಾಲೀಕರಾಗಿದ್ದರೆ ಮಾತ್ರ ನೋಟಿಸ್ ಕೊಡಬಹುದಿತ್ತು. 2025ರ ಜನವರಿ 31ರಿಂದ ಆ ಷರತ್ತು ಹೋಯಿತು. ಆದರೂ ಕೀಲಿಕೈ ಸಿಕ್ಕ ದಿನವೇ ಆಗುವುದಿಲ್ಲ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಮ್ಮ ಹೆಸರು ಏರಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು.

ಆ ನಡುವೆಯೇ ಫ್ರೀಹೋಲ್ಡರ್ ಕಂಪನಿಯಿಂದ ಒಂದು ನಯವಾದ ಪತ್ರ ಬಂತು. ಕಾನೂನಿನ ಗೋಜು ಬೇಡ, ತಾವೇ 125 ವರ್ಷಕ್ಕೆ ಏರಿಸಿ ಕೊಡುತ್ತೇವೆ, 16,000 ಸಾಕು ಅಂತ. ಕಡಿಮೆಯೇ ಅಲ್ಲವೇ? ಓದುತ್ತ ಹೋದರೆ ಹಳೆಯ 72 ವರ್ಷಕ್ಕೆ ಗ್ರೌಂಡ್ ರೆಂಟ್ ಹಾಗೇ ಮುಂದುವರಿಯುತ್ತದೆ, ಸಿಗುವುದೂ 53 ವರ್ಷ ಮಾತ್ರ. 4,500 ಪೌಂಡ್ ಹೆಚ್ಚು ಕೊಟ್ಟು 162 ವರ್ಷ ಮತ್ತು ಸೊನ್ನೆ ಬಾಡಿಗೆ ಪಡೆಯುವುದೇ ವಾಸಿ ಅನ್ನಿಸಿತು. ಹೆಸರು ಏರಿದ ಕೂಡಲೇ 1993ರ ಕಾಯ್ದೆಯ ಸೆಕ್ಷನ್ 42ರ ನೋಟಿಸ್ ಹೋಯಿತು, ಅದು ತಲುಪಿದ ದಿನಕ್ಕೆ ಬೆಲೆಯ ಲೆಕ್ಕ ಗಟ್ಟಿಯಾಗುತ್ತದೆ. ಉತ್ತರಕ್ಕೆ ಅವರಿಗೆ ಕನಿಷ್ಠ ಎರಡು ತಿಂಗಳು. ಅವರು ಕೇಳಿದ್ದು 27,000. ಮಾತು ಮುರಿದರೆ ಉತ್ತರ ಬಂದ ಆರು ತಿಂಗಳೊಳಗೆ ಟ್ರಿಬ್ಯುನಲ್‌ಗೆ ಅರ್ಜಿ ಹಾಕಲೇಬೇಕು, ಇಲ್ಲದಿದ್ದರೆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಒಂದು ವರ್ಷ ಸುಮ್ಮನಿರಬೇಕು. ನಮ್ಮ ಸಾಲಿಸಿಟರ್ ಅರ್ಜಿ ಹಾಕಿದ ಮೇಲೆ ಅವರ ವ್ಯಾಲ್ಯೂಯರ್ ಫೋನ್ ಎತ್ತಿದರು. 21,800ಕ್ಕೆ ಮುಗಿಯಿತು.

ದಾವಣಗೆರೆಯ ಗೆಳೆಯರೊಬ್ಬರು ಈಗ ಇಂಥದ್ದೇ ಒಂದರ ಹಿಂದೆ ಬಿದ್ದಿದ್ದಾರೆ. 58 ವರ್ಷ ಬಾಕಿ, ದೀರ್ಘ ಲೀಸಿನ ಬೆಲೆ ಅಲ್ಲೂ 3,00,000. ಲೆಕ್ಕ ಹಾಕಿ ಕೊಟ್ಟೆ: ಸವೆದ ಲೀಸಿನ ಬೆಲೆ ಶೇ 80 ಅಂತ ಹಿಡಿದರೂ ಪ್ರೀಮಿಯಂ 40,000ದ ಸುತ್ತ. ಅವರಿಗೆ ಸಾಲ ಕೊಡುವ ಬ್ಯಾಂಕುಗಳು ಬೆರಳೆಣಿಕೆಯಷ್ಟು, ಮುಂದೆ ಮಾರಬೇಕಾದರೆ ಕೊಳ್ಳುವವರಿಗೂ ಅದೇ ಕಷ್ಟ. ಆದ್ದರಿಂದ ಮಾರುವವರೇ ಈಗ ನೋಟಿಸ್ ಕೊಟ್ಟು, ಅದರ ಹಕ್ಕನ್ನು ಫ್ಲ್ಯಾಟಿನ ಜೊತೆಗೇ ವರ್ಗಾಯಿಸಲಿ ಅಂತ ಕೇಳಿ, ಆಗ ರಿಜಿಸ್ಟ್ರಿಗೆ ಕಾಯುವುದು ತಪ್ಪುತ್ತದೆ ಅಂದೆ. ಕೇಳಿದ್ದಾರೆ. ಮಾರುವವರು ಯೋಚಿಸುತ್ತೇವೆ ಅಂದಿದ್ದಾರಂತೆ. ಜಾಹೀರಾತಿನಲ್ಲಿ ಬೆಲೆ ಮಾತ್ರ ಕಳೆದ ವಾರ ಇನ್ನೊಂದು ಹತ್ತು ಸಾವಿರ ಇಳಿದಿದೆ.