ಪ್ರೆಸ್ ಶಾಪ್‌ನಲ್ಲಿ ಬೆರಳು ಉಳಿಸುವ ದಾರಿ

ಪವರ್ ಪ್ರೆಸ್‌ಗೆ ಎರಡು ಬಟನ್ ಇಟ್ಟಿರುವುದು ಸುಮ್ಮನಲ್ಲ. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೇನೇ ರ‍್ಯಾಮ್ ಇಳಿಯುತ್ತದೆ. ಅಷ್ಟು ಹೊತ್ತು ಕೈಗಳು ಡೈಯಿಂದ ದೂರ ಇರುತ್ತವೆ. ಆದರೆ ಪೀಣ್ಯ, ಕುಂಬಳಗೋಡು, ಬೊಮ್ಮಸಂದ್ರದಂಥ ಕಡೆಯ ಸಣ್ಣ ಶಾಪ್‌ಗಳಲ್ಲಿ ಒಂದು ಬಟನ್‌ಗೆ ರಟ್ಟಿನ ಚೂರು ಸಿಕ್ಕಿಸಿ, ಮೇಲೆ ಟೇಪ್ ಸುತ್ತಿಟ್ಟಿರುವುದನ್ನು ಕಾಣಬಹುದು. ಎಡಗೈ ಪೀಸ್ ಇಡುತ್ತದೆ, ಬಲಗೈ ಬಟನ್ ಒತ್ತುತ್ತದೆ. ಬೆರಳು ಹೋಗುವುದು ಹೀಗೆ.

ಟೇಪ್ ಕಿತ್ತು, ಹುಡುಗನಿಗೆ ಬೈದು ಹೋದರೆ ನಾಳೆ ಮತ್ತೆ ಅಲ್ಲೇ ಟೇಪ್ ಇರುತ್ತದೆ. ಅವನಿಗೇನು ಬೆರಳು ಬೇಡವೇ? ಕೂಲಿ ಪೀಸ್ ರೇಟ್ ಲೆಕ್ಕದಲ್ಲಿದೆ. ಸಂಜೆ ಸೂಪರ್‌ವೈಸರ್ ಬಂದು ಕೇಳುವ ಮೊದಲ ಮಾತು ‘ಎಷ್ಟು ಪೀಸ್ ಆಯ್ತು?’ ಎಂದು. ಸುರಕ್ಷತೆಯ ಸಂಸ್ಕೃತಿ ಎಂದು ದೊಡ್ಡದಾಗಿ ಹೇಳುವುದರ ತಿರುಳು ಇಷ್ಟೇ: ಅನುಮಾನ ಬಂದಾಗ ಮೆಷಿನ್ ನಿಲ್ಲಿಸಿದವನಿಗೆ ಬೈಗುಳವೂ ಬೀಳಬಾರದು, ಕೂಲಿಯೂ ಕಡಿಯಬಾರದು.

ದೊಡ್ಡ ಕಾರ್ಖಾನೆಗಳಿಗೆ ಕಾನೂನೇ ಸುರಕ್ಷತಾ ಅಧಿಕಾರಿಯನ್ನು ಕೊಟ್ಟಿದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ 1000 ಕಾರ್ಮಿಕರಿದ್ದರೆ ಅಂಥ ಅಧಿಕಾರಿ ಇರಬೇಕಿತ್ತು. ಕೆಲಸದ ಸ್ಥಳದ ಸುರಕ್ಷತೆ ಕುರಿತ 2020ರ ಕಾರ್ಮಿಕ ಸಂಹಿತೆ ಅದನ್ನು 500ಕ್ಕೆ ಇಳಿಸಿದೆ. ಇಪ್ಪತ್ತು ಜನ ದುಡಿಯುವ ಶೆಡ್‌ನಲ್ಲಿ ಆ ಕೆಲಸ ಮಾಲೀಕ, ಸೂಪರ್‌ವೈಸರ್ ಮತ್ತು ಡೈ ಸೆಟರ್ ಮೇಲೆಯೇ ಬೀಳುತ್ತದೆ. ಈ ಲೇಖನ ಅವರಿಗಾಗಿ.

ಮೊದಲು ಮೆಷಿನ್ ಪಕ್ಕ ನಿಲ್ಲಿ

ಒಂದು ಗಂಟೆ ಸುಮ್ಮನೆ ನಿಂತು ನೋಡಿ. ಕೈ ಡೈ ಒಳಗೆ ಯಾವಾಗ ಹೋಗುತ್ತದೆ, ಏಕೆ ಹೋಗುತ್ತದೆ? ಪೀಸ್ ಡೈಗೆ ಅಂಟಿಕೊಳ್ಳುತ್ತಿದ್ದರೆ ಎಜೆಕ್ಟರ್ ಸರಿಯಿಲ್ಲ ಎಂದರ್ಥ. ಇಲ್ಲವೇ ಗಾಳಿ ಊದಿ ಹೊರತಳ್ಳುವ ವ್ಯವಸ್ಥೆ ಬೇಕು. ಪೀಸ್ ನೆಟ್ಟಗೆ ಕೂರದೆ ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದರೆ ಲೊಕೇಟರ್ ಸವೆದಿದೆ. ಇವೆಲ್ಲ ಟೂಲ್ ರೂಮ್‌ನಲ್ಲಿ ಬಗೆಹರಿಯುವ ಕೆಲಸ. ಅದಾಗುವವರೆಗೆ ಇಕ್ಕಳ, ಮ್ಯಾಗ್ನೆಟ್ ಹಿಡಿಕೆ ಕೊಡಿ. ಕೈ ಒಳಗೆ ಹಾಕುವ ಅಗತ್ಯವೇ ಇಲ್ಲದಂತೆ ಮಾಡಿದ ಮೇಲೆ ‘ಹುಷಾರಾಗಿರಪ್ಪಾ’ ಎಂದು ದಿನಾ ಹೇಳಬೇಕಾಗುವುದಿಲ್ಲ. ಜೊತೆಗೆ, ಪ್ರತಿ ಸ್ಟ್ರೋಕ್ ಆದ ಮೇಲೆ ಎರಡೂ ಬಟನ್ ಬಿಟ್ಟು ಮತ್ತೆ ಒತ್ತದಿದ್ದರೆ ಮುಂದಿನ ಸ್ಟ್ರೋಕ್ ಬೀಳದಂತೆ ಸರ್ಕ್ಯೂಟ್ ಮಾಡಿಸಿ. ಆಗ ಟೇಪ್ ಸುತ್ತಿದರೂ ಪ್ರಯೋಜನವಿಲ್ಲ.

ಕ್ಲಚ್ ಯಾವುದೆಂದು ತಿಳಿಯಿರಿ

ಇಲ್ಲಿ ಅನೇಕರು ದುಡ್ಡು ಕಳೆದುಕೊಳ್ಳುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಪ್ರೆಸ್‌ಗಳಲ್ಲಿ ಇರುವುದು ಕೀ ಕ್ಲಚ್. ಒಮ್ಮೆ ಪೆಡಲ್ ತುಳಿದರೆ ಒಂದು ಪೂರ್ತಿ ಸುತ್ತು ಮುಗಿಯುವವರೆಗೆ ರ‍್ಯಾಮ್ ನಿಲ್ಲುವುದೇ ಇಲ್ಲ. ಅಂಥ ಮೆಷಿನ್‌ಗೆ ಲೈಟ್ ಕರ್ಟನ್ ಹಾಕಿಸಿದರೆ ಕೈಯನ್ನು ಅದು ಕಾಣುತ್ತದೆ, ಆದರೆ ರ‍್ಯಾಮನ್ನು ತಡೆಯಲಾರದು. ಕರ್ಟನ್ ಇದೆಯೆಂಬ ಧೈರ್ಯವೇ ಆಗ ಅಪಾಯ. ಕೀ ಕ್ಲಚ್ ಪ್ರೆಸ್‌ಗೆ ಬೇಕಾದದ್ದು ಗಟ್ಟಿಯಾಗಿ ಬೋಲ್ಟ್ ಮಾಡಿದ ಗಾರ್ಡ್. ಪಟ್ಟಿ ಒಳಹೋಗುವಷ್ಟು ಸಂದು ಇರಬೇಕು, ಬೆರಳು ತೂರಬಾರದು. ಲೈಟ್ ಕರ್ಟನ್ ಕೆಲಸ ಮಾಡುವುದು ನಡುದಾರಿಯಲ್ಲೇ ನಿಲ್ಲಬಲ್ಲ ನ್ಯುಮ್ಯಾಟಿಕ್ ಕ್ಲಚ್ ಪ್ರೆಸ್‌ಗಳಲ್ಲಿ, ಅದೂ ಡೈಯಿಂದ ತಕ್ಕ ದೂರದಲ್ಲಿ ಕೂರಿಸಿದರೆ.

ಕೀ ಸವೆದರೆ, ಸ್ಪ್ರಿಂಗ್ ಮುರಿದರೆ ಒಮ್ಮೆ ತುಳಿದದ್ದಕ್ಕೆ ಎರಡು ಸ್ಟ್ರೋಕ್ ಬೀಳುತ್ತದೆ. ‘ಡಬಲ್ ಹೊಡೀತಿದೆ ಸಾರ್’ ಎಂದು ಯಾರಾದರೂ ಹೇಳಿದರೆ ಆ ಗಳಿಗೆಯಲ್ಲೇ ಮೆಷಿನ್ ನಿಲ್ಲಬೇಕು. ಈ ಲಾಟ್ ಮುಗಿಯಲಿ ಎನ್ನಬೇಡಿ. ಪೆಡಲ್ ಮೇಲೆ ಮುಚ್ಚಳವಿರಲಿ, ಏನಾದರೂ ಬಿದ್ದು ತಾನಾಗಿ ಒತ್ತಿಹೋಗಬಾರದು.

ಡೈ ಬದಲಿಸುವಾಗ ಬೀಗ

ಮೋಟರ್ ಆಫ್ ಮಾಡಿದರೂ ಫ್ಲೈವ್ಹೀಲ್ ಬಹಳ ಹೊತ್ತು ತಿರುಗುತ್ತಿರುತ್ತದೆ. ಅದು ಪೂರ್ತಿ ನಿಲ್ಲಲಿ. ಮೇನ್ ಸ್ವಿಚ್‌ಗೆ ಬೀಗ ಹಾಕಿ ಕೀ ಸೆಟರ್ ತನ್ನ ಜೇಬಿನಲ್ಲೇ ಇಟ್ಟುಕೊಳ್ಳಲಿ. ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ. ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ನಿಲ್ಲಿಸದೆ ಯಾರೂ ಕೈ ಹಾಕಬಾರದು.

ಕೇಳುವ ಮಾತು ಬದಲಾಗಲಿ

ಮೇಲಿನದೆಲ್ಲ ಕಬ್ಬಿಣದ ಕೆಲಸ, ದುಡ್ಡು ಕೊಟ್ಟರೆ ಆಗುತ್ತದೆ. ಕಷ್ಟವಾದದ್ದು ಇದು. ಶಿಫ್ಟ್ ಶುರುವಾಗುವ ಮೊದಲು ಐದು ನಿಮಿಷ ಎಲ್ಲರೂ ನಿಂತು ಮಾತಾಡಿ. ‘ನಿನ್ನೆ ಎಲ್ಲಿ ಸ್ವಲ್ಪದರಲ್ಲಿ ತಪ್ಪಿತು?’ ಎಂದು ಕೇಳಿ. ಒಡಿಶಾ, ಬಿಹಾರದಿಂದ ಬಂದ ಹುಡುಗರಿದ್ದರೆ ಅವರ ಭಾಷೆ ಬಲ್ಲ ಒಬ್ಬ ಹಳಬ ಈ ಮಾತುಕತೆ ನಡೆಸಲಿ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ಇಂಗ್ಲಿಷ್ ಪೋಸ್ಟರ್ ಅಂಟಿಸಿ ಅವರಿಂದ ಪ್ರತಿಜ್ಞೆ ಮಾಡಿಸುವುದರಿಂದ ಏನೂ ಬದಲಾಗದು. ಮೊದಲ ವಾರ ಯಾರೂ ಬಾಯಿ ಬಿಡುವುದಿಲ್ಲ. ಮೊದಲು ಹೇಳಿದವನ ದೂರನ್ನು ಅಂದೇ ಸರಿಪಡಿಸಿ ತೋರಿಸಿ. ಮಿಕ್ಕವರೂ ಹೇಳತೊಡಗುತ್ತಾರೆ.

ಮೆಷಿನ್ ನಿಂತ ಹೊತ್ತಿಗೆ ಸರಾಸರಿ ಕೂಲಿ ಕೊಡಿ. ‘ಇಷ್ಟು ದಿನ ಅಪಘಾತವಿಲ್ಲ’ ಎಂಬುದಕ್ಕೆ ಬಹುಮಾನ ಇಡಬೇಡಿ. ಬಹುಮಾನ ತಪ್ಪೀತೆಂದು ಕುಯ್ದ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡುತ್ತಾರೆ. ನಿಜವಾದ ಪರೀಕ್ಷೆ, ಸಂಜೆಯೊಳಗೆ ಮಾಲು ಬೇಕೆಂದು ಕಂಪನಿಯಿಂದ ಫೋನ್ ಬಂದ ದಿನ. ಅಂದು ಮಾಲೀಕ ‘ಇವತ್ತೊಂದು ದಿನ ಗಾರ್ಡ್ ತೆಗೆದು ಓಡಿಸಿ’ ಎಂದರೆ ಇಷ್ಟು ತಿಂಗಳ ಮಾತು ಅಲ್ಲಿಗೇ ಮುಗಿಯಿತು.

ಇನ್ನೆರಡು ಮಾತು. ತಿರುಗುವ ಡ್ರಿಲ್, ಲೇತ್ ಹತ್ತಿರ ಕೈಗವಸು ಬೇಡ. ಅದು ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಹರಿತವಾದ ಶೀಟ್ ಹಿಡಿಯುವಲ್ಲಿ ಬೇಕೇ ಬೇಕು. ಆಯುಧಪೂಜೆಗೆ ಮೆಷಿನ್ ತೊಳೆಯಲು ಗಾರ್ಡ್ ಬಿಚ್ಚುತ್ತೀರಿ, ಹೇಗೂ ಎಲ್ಲ ನಿಂತಿರುತ್ತದೆ. ಕ್ಲಚ್, ಬ್ರೇಕ್, ಸ್ಪ್ರಿಂಗ್ ಅಂದೇ ನೋಡಿಬಿಡಿ. ಹಬ್ಬದ ಮರುದಿನ ಸ್ವಿಚ್ ಹಾಕುವ ಮುನ್ನ ಬಿಚ್ಚಿದ್ದೆಲ್ಲ ಮರಳಿ ಕೂತಿದೆಯೇ ಎಂದು ಒಬ್ಬರು ಸುತ್ತು ಹಾಕಲಿ.

ಆಗಬಾರದ್ದು ಆದರೆ

ಶುಭ್ರ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ಮೇಲೆ ಇಡಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು. ಬೆರಳು ಮರುಜೋಡಿಸುವ ಆಸ್ಪತ್ರೆ ಹತ್ತಿರದಲ್ಲಿ ಯಾವುದೆಂದು ಇಂದೇ ವಿಚಾರಿಸಿ, ಅದರ ನಂಬರ್ ಮತ್ತು 108 ಎರಡನ್ನೂ ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿಡಿ.

‘ಮನೇಲಿ ಬಿದ್ದ’ ಎಂದು ಆಸ್ಪತ್ರೆಯಲ್ಲಿ ಸುಳ್ಳು ಬರೆಸಬೇಡಿ. ಹಾಗೆ ಬರೆಸಿದರೆ ಕೆಲಸದ ವೇಳೆಯ ಗಾಯಕ್ಕೆ ಇಎಸ್‌ಐನಿಂದ ಸಿಗಬೇಕಾದ ಹಣಕ್ಕೇ ಕುತ್ತು. ಇಂಥ ಗಾಯದಿಂದ ರಜೆಯಲ್ಲಿರುವಾಗ ಕೂಲಿಯ ಶೇ 90ರಷ್ಟು ಬರುತ್ತದೆ. ಶಾಶ್ವತ ಊನವಾದರೆ ಪಿಂಚಣಿಯಂತೆ ತಿಂಗಳು ತಿಂಗಳು ಬರುತ್ತದೆ. ಇದಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಹಕ್ಕು. ಆದ್ದರಿಂದ ಗುತ್ತಿಗೆಯವನಾಗಲಿ, ನಿನ್ನೆ ಊರಿಂದ ಬಂದವನಾಗಲಿ, ಹೆಸರು ನೋಂದಾಯಿಸಿ ಇಎಸ್‌ಐ ನಂಬರ್ ಅವನ ಕೈಗೆ ಕೊಟ್ಟ ಮೇಲೆಯೇ ಮೆಷಿನ್ ಮುಂದೆ ನಿಲ್ಲಿಸಿ.